ತೋಮನ ಸಂದೇಹಕ್ಕೂ ಜಾಗವಿದೆ
ಸೆಪ್ಟೆಂಬರ್ 8ರ ಮೇರಿಮಾತೆಯ ಹಬ್ಬಕ್ಕೆ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೇರುವವರಲ್ಲಿ ರೋಗ, ಸಾಲ, ಸಾವುಗಳಿಂದ ಕಂಗೆಟ್ಟು, ದೇವರು ಕೇಳುತ್ತಾನೋ ಇಲ್ಲವೋ ಎಂಬ ಅನುಮಾನ ಹೊತ್ತೇ ಬಂದವರೂ ಇರುತ್ತಾರೆ. ಅವರನ್ನು ಅವಿಶ್ವಾಸಿಗಳೆನ್ನುವುದು ಅನ್ಯಾಯ. ಗಾಯ ಮುಟ್ಟದೆ ಪುನರುತ್ಥಾನವನ್ನು ನಂಬಲಾರೆನೆಂದ ಶಿಷ್ಯ ತೋಮನನ್ನು ಕ್ರಿಸ್ತ ಹೊರಗಟ್ಟಲಿಲ್ಲ, ಗಾಯವನ್ನೇ ಮುಂದೊಡ್ಡಿದ. ಕಷ್ಟಗಳಲ್ಲಿ ಬೆಂದ ಬೈಬಲ್ಲಿನ ಯೋಬ ದೇವರೊಡನೆಯೇ ವಾದಕ್ಕಿಳಿದ. ಏಕೆ ಕೈಬಿಟ್ಟೆ ಎಂದು ಶಿಲುಬೆಯ ಮೇಲಿಂದ ಕ್ರಿಸ್ತನೇ ಕೂಗಿದ, ಅದೂ ದೇವರನ್ನೇ ಕರೆದು! ನಂಬಿಕೆಯೆಲ್ಲ ಮನಸ್ಸಿನ ಸಮಾಧಾನಕ್ಕೆ ಕಟ್ಟಿಕೊಂಡದ್ದು ಎನ್ನುವವರಿದ್ದಾರೆ. ಬರೀ ಸಮಾಧಾನವೇ ಬೇಕಿದ್ದರೆ ಇಂಥ ಕೂಗನ್ನು ಬೈಬಲ್ಲಿನಲ್ಲಿ ಉಳಿಸಿಕೊಳ್ಳುವ ಅಗತ್ಯವೇನಿತ್ತು? ನಂಬಿಕೆ ಬುದ್ಧಿಯನ್ನು ಮಂಕಾಗಿಸುತ್ತದೆಂಬ ಆಕ್ಷೇಪವೂ ನಿಲ್ಲದು. ಮೇರಿಮಾತೆಗೆ ಹರಕೆ ಹೊತ್ತವರೇ ಸಮೀಪದ ಬೌರಿಂಗ್ ಆಸ್ಪತ್ರೆಯ ಸರದಿಯಲ್ಲೂ ನಿಲ್ಲುವುದುಂಟು. ಔಷಧಿ ಕುಡಿದ ಮಾತ್ರಕ್ಕೆ ಅವರ ಪ್ರಾರ್ಥನೆ ಸುಳ್ಳಾಗುವುದಿಲ್ಲ.