ಏಲಕ್ಕಿಯ ಮರೆಯಲ್ಲಿ

"ಬ್ಯಾಡಂದ್ರ ನೋಡಬ್ಯಾಡ್ರಿ, ಅವರ ದಂಧೆ ಅವರದ." ಚಿಕ್ಕೋಡಿಯ ಚಹಾದಂಗಡಿಯಲ್ಲಿ ಪಕ್ಕದ ಬೆಂಚಿನ ಹಿರಿಯರೊಬ್ಬರು ಹೀಗೆಂದು ಮಾತು ಮುಗಿಸಿದರು. ಜಾಲತಾಣದಲ್ಲಿ ಜನ ಜಾಹೀರಾತಿನ ನಟನೊಬ್ಬನನ್ನು ಬೈಯುತ್ತಿದ್ದುದು ಅವರಿಗೆ ಕೆಲಸವಿಲ್ಲದವರ ಕೆಲಸವಾಗಿ ಕಂಡಿತ್ತು. ನನಗೆ ಹಾಗೆ ಕಾಣುವುದಿಲ್ಲ. ಕಂಪನಿ ಕೋಟಿಗಟ್ಟಲೆ ಸುರಿಯುವುದು ನಟನ ಮೇಲೆ ನಾವಿಟ್ಟ ಅಭಿಮಾನಕ್ಕೆ. ನಮ್ಮ ಗಂಟನ್ನು ಯಾರಿಗೆ ಮಾರಿದೆಯಪ್ಪಾ ಎಂದು ಕೇಳಿದರೆ ತಪ್ಪೇನು?

ಕೇಳಿದರೆ ಕೆಲಸವೂ ಆಗುತ್ತದೆ. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ವಿಮಲ್ ಏಲಕ್ಕಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡಾಗ ಅವರ ಅಭಿಮಾನಿಗಳೇ ತಿರುಗಿಬಿದ್ದರು. ಕೆಲವೇ ದಿನಗಳಲ್ಲಿ ಅವರು ಕ್ಷಮೆ ಕೇಳಿ ಹಿಂದೆ ಸರಿದರು. ಅದು ಬರೀ ಏಲಕ್ಕಿ ಅಲ್ಲವೇ ಎನ್ನುವವರನ್ನು ಪಾನ್ ಅಂಗಡಿಯವನೂ ನೋಡಿ ನಗುತ್ತಾನೆ. ತಂಬಾಕಿನ ಜಾಹೀರಾತಿಗೆ 2003ರ ಕಾಯ್ದೆ ಬಾಗಿಲು ಹಾಕಿದ ಮೇಲೆ ತಂಬಾಕಿನ ಬ್ರ್ಯಾಂಡನ್ನು ಏಲಕ್ಕಿಯ ಹೆಸರಿನಲ್ಲಿ ತೋರಿಸುವ ಇಂಥ ಹಿಂಬಾಗಿಲುಗಳು ಹುಟ್ಟಿಕೊಂಡವು.

ತೂಕದ ತಕರಾರು ಬರುವುದು ನಿಪ್ಪಾಣಿಯಿಂದ. ಅಲ್ಲಿ ತಂಬಾಕೆಂದರೆ ಅನ್ನ. 1981ರಲ್ಲಿ ಬೆಲೆಗಾಗಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಕುಳಿತರು, ಪೊಲೀಸರ ಗುಂಡಿಗೆ ಜೀವ ಕೊಟ್ಟರು. ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸರ ಲೆಕ್ಕ ಬೇರೆಯೇ ಇದೆ. ಅವರೆದುರು ಹೋಗಿ, ನಟನಿಗೆ ಮೊಬೈಲಿನಲ್ಲಿ ಬೈದೆ ಎಂದು ಮೀಸೆ ತಿರುವುವುದು ನಾಚಿಕೆಗೇಡು. ಆದರೆ ಒಂದು ಮಾತು: ನಿಪ್ಪಾಣಿಯ ರೈತ ತನ್ನ ಬೆಳೆಯನ್ನು ತಂಬಾಕು ಎಂದೇ ಕರೆಯುತ್ತಾನೆ. ಏಲಕ್ಕಿ ಎಂದು ಹೇಳಿ ಯಾರಿಗೂ ತೂಗಿಕೊಟ್ಟವನಲ್ಲ.

ನನಗೆ ಸಿಟ್ಟು ಬರುವುದು ಬೈಯುವವರ ಮೇಲಲ್ಲ, ಅವರು ಬೈಯದೆ ಬಿಟ್ಟದ್ದರ ಮೇಲೆ. ಚೀನಾ ಸೇನೆಯೊಂದಿಗಿನ ಗಾಲ್ವಾನ್ ಘರ್ಷಣೆಯ ಬಳಿಕ ಕೂಗೆದ್ದು 2020ರ ಐಪಿಎಲ್‌ನಿಂದ ಚೀನಾದ ಪ್ರಾಯೋಜಕ ಕಂಪನಿ ವಿವೋ ಹೊರಬಿತ್ತು. ಮರುವರ್ಷವೇ ಒಳಬಂತು, ಕೂಗಿದ ಗಂಟಲುಗಳು ಆಗ ಬೌಂಡರಿಗೆ ಕೂಗುತ್ತಿದ್ದವು. ನಮ್ಮ ಆರ್‌ಸಿಬಿಯನ್ನೇ ನೋಡಿ. ತಂಡದ ಹೆಸರಿನ ಬ್ಯಾಂಗಲೋರ್ ಎಂಬುದನ್ನು ಬೆಂಗಳೂರು ಮಾಡಿ ಎಂದು ಕನ್ನಡಿಗರು ವರ್ಷಗಟ್ಟಲೆ ಪಟ್ಟುಹಿಡಿದರು, 2024ರ ಮಾರ್ಚ್‌ನಲ್ಲಿ ಗೆದ್ದರು. ಮರಾಠಿ ಬೋರ್ಡು, ಕನ್ನಡ ಬೋರ್ಡು ಎಂದು ದಿನವೂ ತಲೆ ಕೆಡಿಸಿಕೊಳ್ಳುವ ಗಡಿಯವನಾದ ನನಗೆ ಅದು ಸಣ್ಣ ಗೆಲುವಲ್ಲ. ಆದರೆ ಊರಿನ ಹೆಸರಿಗೆ ಮೊದಲು ಬರುವುದು ಏನು? 2008ರಲ್ಲಿ ವಿಜಯ್ ಮಲ್ಯ ತಂಡ ಕೊಂಡಾಗ ತಮ್ಮ ರಾಯಲ್ ಚಾಲೆಂಜ್ ವಿಸ್ಕಿಯ ಹೆಸರನ್ನೇ ಅದಕ್ಕೆ ಅಂಟಿಸಿದರು. ಹೆಸರಿನ ಕಾಗುಣಿತ ತಿದ್ದಿಸಿದ ನಾವು ಬಾಟಲಿಯ ಚೀಟಿಯನ್ನು ಮುಟ್ಟಲಿಲ್ಲ. ಬೀದಿ ಮಕ್ಕಳೂ ಆ ಹೆಸರು ಕೂಗುತ್ತವೆ, ಚಪ್ಪಾಳೆ ತಟ್ಟಿ.

ಚಹಾದಂಗಡಿಯಲ್ಲಿ ಇದನ್ನೆಲ್ಲ ಹೇಳಲು ಹೊರಟಿದ್ದೆ. ಆ ಹಿರಿಯರು ನನ್ನ ಮೈಮೇಲಿನ ಕೆಂಪು ಅಂಗಿಯನ್ನೊಮ್ಮೆ ನೋಡಿದರು. 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದ ರಾತ್ರಿ ನಾನು ಹಾಕಿಕೊಂಡು ಕುಣಿದ ಅಂಗಿ ಅದು. ಸುಮ್ಮನೆ ಚಹಾ ಕುಡಿದೆ.