ಕರ್ನಾಟಕವೆಂಬ ಹೆಸರಿನ ಮೊದಲ ಗೆಲುವು

ಈ ಪುಟದಲ್ಲಿ ಕ್ರಿಕೆಟ್ಟಿನ ಮಾತೇತಕ್ಕೆಂದು ವಾಚಕ ಮಹಾಶಯರು ಕೇಳಬಹುದು. ರಣಜಿ ಪಂದ್ಯಾವಳಿಯ ಮೊತ್ತಮೊದಲ ಪಂದ್ಯವು 1934ರ ನವೆಂಬರ್ 4ರಂದು ಮದರಾಸಿನ ಚೇಪಾಕಿನಲ್ಲಿ ನಡೆದು, ಮೈಸೂರು ತಂಡವು ಒಂದೇ ದಿನದಲ್ಲಿ ಮದರಾಸಿಗೆ ಸೋತಿತು. ಬಳ್ಳಾರಿಯು ಆಗ ಮದರಾಸು ಇಲಾಖೆಗೆ ಸೇರಿದ್ದಿತು. ಸರಹದ್ದಿನ ಲೆಕ್ಕ ಹಿಡಿದರೆ ನಮ್ಮ ಹಿರಿಯರು ಅಂದು ಕನ್ನಡಿಗರ ಸೋಲಿಗೆ ಚಪ್ಪಾಳೆ ತಟ್ಟಬೇಕಾಗಿತ್ತು!

1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರನ್ನು ಸೇರಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಆ ಹೆಸರು ಹೊತ್ತ ಮೊದಲ ಋತುವಿನಲ್ಲಿಯೇ ಪ್ರಸನ್ನರ ನಾಯಕತ್ವದ ನಮ್ಮ ತಂಡವು, ಹದಿನೈದು ವರ್ಷ ಎಡೆಬಿಡದೆ ಗೆದ್ದು ಬೀಗಿದ್ದ ಮುಂಬಯಿಯನ್ನು ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ತಡೆಯಿತು. ವಿಶ್ವನಾಥರು 162, ಬ್ರಿಜೇಶ್ ಪಟೇಲರು 106 ಓಟಗಳನ್ನು ಗಳಿಸಿದರು. ನಮ್ಮವರ 385ಕ್ಕೆ ಪ್ರತಿಯಾಗಿ ಮುಂಬಯಿ 307ಕ್ಕೆ ಮುಗಿಯಿತು. ಆ ಮುನ್ನಡೆಯೇ ಸಾಕಾಯಿತು. ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು 185 ಓಟಗಳಿಂದ ಸೋಲಿಸಿ ನಮ್ಮವರು ರಣಜಿ ಪಾರಿತೋಷಕವನ್ನು ತಂದರು.

ಇಷ್ಟಕ್ಕೇ ತೃಪ್ತರಾಗಲು ನನ್ನ ಮನಸ್ಸೊಪ್ಪದು. ಗದಗಿನ ಸುನಿಲ್ ಜೋಶಿಯವರು ಆಟ ಕಲಿಯಲು ಹುಬ್ಬಳ್ಳಿಯವರೆಗೆ ಪಯಣಿಸಿ, 1996ರಲ್ಲಿ ಭಾರತದ ತಂಡವನ್ನು ಸೇರಿದರು. ಅಷ್ಟು ಹಟವು ಎಲ್ಲ ಹುಡುಗರಲ್ಲಿ ಎಲ್ಲಿಂದ ಬಂದೀತು? ಸಿರುಗುಪ್ಪದ ತುಂಗಭದ್ರೆಯ ದಂಡೆಯಲ್ಲಿ, ಕುರುಗೋಡಿನ ಬೆಟ್ಟದ ಬುಡದಲ್ಲಿ ಚೆಂಡೆಸೆಯುವ ಬಾಲಕನಿಗೆ ಬೆಂಗಳೂರು 300 ಕಿಲೋಮೀಟರಿಗೂ ಆಚೆಯದು. ಬಡ ರೈತನ ಮಗನು ಅಲ್ಲಿಗೆ ಹೋಗಿ ಕೈ ತೋರಿಸಲೆನ್ನುವುದು ನ್ಯಾಯವಲ್ಲ. ಅವನಾಟವನ್ನು ಅವನ ಬಯಲಿನಲ್ಲಿಯೇ ಬಂದು ನೋಡುವುದು ಆಯ್ಕೆಗಾರರ ಕರ್ತವ್ಯ. ಶಾಲಾಮಾಸ್ತರರು ಅಂಥ ಹುಡುಗರ ಹೆಸರುಗಳನ್ನು ಈಗಿನಿಂದಲೇ ಬರೆದಿಡಲಿ.