ಕೋಡಿಮನೆ ಅಕ್ಕ ಕಾಣೆಯಾದ ಲೆಕ್ಕ

ಭಾನುವಾರ ಬೆಳಿಗ್ಗೆ ಊರಿಂದ ಅಮ್ಮನ ಫೋನ್. ಎಂದಿನ ಹಾಗೆ "ತಿಂಡಿ ಆಯ್ತಾ" ಅಂತ ಕೇಳಲಿಲ್ಲ.

"ಕೋಡಿಮನೆ ಅಕ್ಕ ಮಾತು ಬಿಟ್ಟಿದಾಳೆ ಕಣೆ. ದುಡ್ಡು ಕಟ್ಟಿದ್ರೂ ಬಾಕಿ ಅಂತ ಎಲ್ಲರ ಮುಂದೆ ಓದ್ಬಿಟ್ಟೆ. ಫೋನಲ್ಲಿ ಹುಡುಕಿದ್ರೆ ಅವಳ ಹೆಸರೇ ಬರಲ್ಲ."

ಅಮ್ಮ ನಮ್ಮೂರಿನ ಮಹಿಳಾ ಸಂಘದ ಲೆಕ್ಕ ಬರೆಯುತ್ತಾಳೆ. ಯಾರು ಕಟ್ಟಿದ್ದಾರೆ ಅಂತ ತಿಂಗಳ ಕೊನೆಗೆ ಒಂದೊಂದೇ ಮನೆಯ ಹೆಸರು ಹುಡುಕಿ ನೋಡುತ್ತಾಳೆ. ಪುಸ್ತಕ ಬಿಟ್ಟು ಆ್ಯಪ್‌ನಲ್ಲಿ ಬರಿ ಅಂತ ದುಂಬಾಲು ಬಿದ್ದವಳು ನಾನೇ. ಉಚಿತ, ಓಪನ್ ಸೋರ್ಸ್, ಜಾಹೀರಾತಿಲ್ಲ ಅಂತೆಲ್ಲ ಹೊಗಳಿದ್ದೆ. ಈಗ ನೋಡಿದರೆ ಪಟ್ಟಿಯಲ್ಲಿ 'ಕೋಡಿಮನೆ' ಕಣ್ಣಿಗೆ ಕಾಣುತ್ತದೆ, ಮುಂದೆ ದುಡ್ಡೂ ಬರೆದಿದೆ. ಹುಡುಕಿದರೆ ಮಾತ್ರ ಇಲ್ಲ!

ನಾನು ಆಫೀಸಿನಲ್ಲಿ ಟೆಸ್ಟಿಂಗ್ ಕೆಲಸ ಮಾಡುವವಳು. ಆದರೂ ಸಿಟ್ಟಿನಲ್ಲಿ ಆ ಆ್ಯಪ್ ತಂಡಕ್ಕೆ ಬರೆದದ್ದು ಒಂದೇ ಸಾಲು: ಕನ್ನಡದಲ್ಲಿ ಹುಡುಕಿದರೆ ಸಿಗುತ್ತಿಲ್ಲ, ಸರಿಮಾಡಿ. ವಾರದ ನಂತರ ಉತ್ತರ ಬಂತು: ನಮ್ಮಲ್ಲಿ ಸರಿಯಾಗಿಯೇ ಇದೆ. ದೂರು ಮುಚ್ಚಿಯೇಬಿಟ್ಟಿದ್ದರು.

ಬೇರೆ ಆ್ಯಪ್ ಹಾಕಿಕೊಡೋಣ ಅಂತ ಹೊರಟಿದ್ದೆ. ಅಷ್ಟರಲ್ಲಿ ಮತ್ತೆ ಅಮ್ಮನ ಫೋನ್.

"ಕೋಡಿಮನೆ, ಮೇಲಿನಮನೆ, ಬೀದಿಮನೆ ಬರಲ್ಲ. ಹಳೆಮನೆ, ಕೆಳಗಿನಮನೆ ಬರ್ತವೆ. ಅಕ್ಷರದ ಪಕ್ಕ ದೀರ್ಘ ಹಾಕ್ತೀವಲ್ಲ, ಅವೇ ಕಾಣೆ ಆಗೋದು."

ಬಗ್ ಹಿಡಿದದ್ದು ಅಮ್ಮ!

ಯೂನಿಕೋಡ್‌ನಲ್ಲಿ 'ಕೋ' ಬರೆಯಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಸ್ವರದ ಚಿಹ್ನೆಯನ್ನು ಇಡಿಯಾಗಿ ಒಂದೇ ಸಂಕೇತದಲ್ಲಿ ಇಡಬಹುದು, ಬಿಡಿ ಬಿಡಿ ತುಂಡುಗಳಾಗಿ ಜೋಡಿಸಲೂಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು, ಈ ಆ್ಯಪ್ ಅದನ್ನು ಮಾಡುತ್ತಿರಲಿಲ್ಲ. ನಾನು ಹಳೆಯ ಫೈಲಿನಿಂದ ತಂದು ಹಾಕಿದ್ದ ಹೆಸರುಗಳು ಒಂದು ರೂಪದಲ್ಲಿದ್ದವು, ಅಮ್ಮನ ಕೀಬೋರ್ಡ್ ಬರೆಯುತ್ತಿದ್ದದ್ದು ಇನ್ನೊಂದು ರೂಪ. ತಂಡದವರು ಎರಡನ್ನೂ ಒಂದೇ ಕೀಬೋರ್ಡಿನಲ್ಲಿ ಬರೆದು ನೋಡಿರಬೇಕು, ಅದಕ್ಕೇ ಅವರಿಗೆ ಸರಿಯಾಗಿ ಕಂಡಿತ್ತು.

ಕೋಡ್ ಎಲ್ಲರಿಗೂ ತೆರೆದಿದ್ದರೆ ತಪ್ಪು ತಾನಾಗೇ ಸಿಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಯಾರೋ ಒಳಗೆ ಬಂದು ನೋಡಿದ್ದಾರೆ ಅಂತಲ್ಲ. ಜಗತ್ತಿನ ಅದೆಷ್ಟೋ ವೆಬ್‌ಸೈಟುಗಳನ್ನು ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ 2012ರ ಆವೃತ್ತಿಯಲ್ಲೇ ಸೇರಿಕೊಂಡಿತ್ತು. ಅದು ಬಯಲಾದದ್ದು 2014ರಲ್ಲಿ.

ಹಾಗಂತ ಜಾತ್ರೆ ಸೇರಿಸಿದರೂ ಆಗದು. 2020ರ 'ಹ್ಯಾಕ್ಟೋಬರ್‌ಫೆಸ್ಟ್'ನಲ್ಲಿ ಟೀ ಶರ್ಟ್ ಆಸೆಗೆ ಜನ ಕೆಲಸಕ್ಕೆ ಬಾರದ ತಿದ್ದುಪಡಿಗಳನ್ನು ರಾಶಿ ರಾಶಿ ಕಳಿಸಿದರು. ನೋಡಿಕೊಳ್ಳುವವರಿಗೆ ಸಾಕುಸಾಕಾಯಿತು. ಒಪ್ಪಿದ ಯೋಜನೆಗಳಿಗೆ ಮಾತ್ರ ಅಂತ ಆಯೋಜಕರು ನಿಯಮವನ್ನೇ ಬದಲಿಸಬೇಕಾಯಿತು.

ಡೆಬಿಯನ್‌ನವರದು ಬೇರೆ ರೀತಿ. ವಾರಾಂತ್ಯದಲ್ಲಿ ಒಂದೆಡೆ ಕೂತು ಉಳಿದ ಬಗ್‌ಗಳನ್ನು ಒಟ್ಟಿಗೆ ಮುಗಿಸುತ್ತಾರೆ, 'ಬಗ್ ಸ್ಕ್ವಾಶಿಂಗ್ ಪಾರ್ಟಿ' ಅಂತಾರೆ. ನಮ್ಮೂರಲ್ಲಿ ಇದಕ್ಕೆ ಮುಯ್ಯಾಳು ಅಂತ ಹೆಸರು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು.

ನಮ್ಮದೂ ಒಂದು ಪುಟ್ಟ ಮುಯ್ಯಾಳು ಆಯಿತು. ಮರುವಾರ ಇಬ್ಬರು ಸಹೋದ್ಯೋಗಿಗಳು ನಮ್ಮ ರೂಮಿಗೆ ಬಂದರು. ಒಬ್ಬಳ ಮನೆಮಾತು ತಮಿಳು, ಇನ್ನೊಬ್ಬನದು ಮಲಯಾಳಂ. ತಮ್ಮ ಭಾಷೆಯ ಪದಗಳನ್ನೂ ಎರಡೆರಡು ರೂಪದಲ್ಲಿ ಹಾಕಿ ನೋಡಿದರೆ ಅಲ್ಲೂ ಅದೇ ಕಥೆ! ಈ ಸಲ ದೂರು ಹೀಗಿತ್ತು:

1. ಯಾವ ಫೋನ್, ಆ್ಯಪ್‌ನ ಯಾವ ಆವೃತ್ತಿ.
2. ಏನು ಮಾಡಿದೆವು, ಹೆಜ್ಜೆ ಹೆಜ್ಜೆಯಾಗಿ.
3. ಏನಾಗಬೇಕಿತ್ತು, ಏನಾಯಿತು. ಜೊತೆಗೆ ಸ್ಕ್ರೀನ್‌ಶಾಟ್.
4. ತೊಂದರೆ ಕೊಡುವ ಆರು ಪದಗಳ ಪುಟ್ಟ ಫೈಲ್. ಸಂಘದವರ ಲೆಕ್ಕ ಅದರಲ್ಲಿ ಇರಲಿಲ್ಲ.

ಎರಡೇ ದಿನದಲ್ಲಿ ಉತ್ತರ. ಮೊದಲ ಸಾಲಿನಲ್ಲಿ ಕ್ಷಮೆ, ಎರಡನೆಯದರಲ್ಲಿ ಧನ್ಯವಾದ. ಬದಲಿಸಬೇಕಿದ್ದ ಕೋಡ್ ಕೆಲವೇ ಸಾಲು. ಮುಂದಿನ ಆವೃತ್ತಿಯಲ್ಲಿ ಕೋಡಿಮನೆ ಸಿಕ್ಕಿತು.

ಆ ಧನ್ಯವಾದ ಬಾರದೇ ಇದ್ದಿದ್ದರೆ ನಾವು ಇನ್ನೊಂದು ದೂರು ಬರೆಯುತ್ತಿರಲಿಲ್ಲ. ನೀವು ಇಂಥ ಯೋಜನೆ ನಡೆಸುವವರಾದರೆ ದಯವಿಟ್ಟು ಇದನ್ನು ನೆನಪಿಡಿ. ಹೊಸಬರಿಗೆ ಅಂತ ಸಣ್ಣ ಕೆಲಸ ತೆಗೆದಿಡಿ. ದೂರು ಮುಚ್ಚುವ ಮೊದಲು ಒಂದು ಪ್ರಶ್ನೆ ಕೇಳಿ. ಬಳಸುವವರಾದರೆ, ಆ್ಯಪ್ ಅಳಿಸಿಹಾಕುವ ಮೊದಲು ಹತ್ತು ನಿಮಿಷ ಕೊಡಿ. ಅವರಲ್ಲಿ ಎಷ್ಟೋ ಜನ ಸಂಬಳವಿಲ್ಲದೆ, ರಾತ್ರಿ ಊಟ ಮುಗಿಸಿ ಕೆಲಸಕ್ಕೆ ಕೂರುವವರು. ನಮ್ಮ ಭಾಷೆಯ ದೀರ್ಘ ತಪ್ಪಿದ್ದನ್ನು ನಾವೇ ಹೇಳದಿದ್ದರೆ ಅವರಿಗೆ ಯಾರು ಹೇಳಬೇಕು?

ಅಮ್ಮ ಫೋನ್ ಹಿಡಿದುಕೊಂಡು ಕೋಡಿಮನೆಗೆ ಹೋಗಿ ತೋರಿಸಿ ಬಂದಳಂತೆ. ಮುಂದಿನ ಸಭೆಯಲ್ಲಿ ಎಲ್ಲರ ಮುಂದೆ ತಪ್ಪಾಯ್ತು ಅಂದಳಂತೆ. ಅಕ್ಕ ಈಗ ಮಾತಾಡುತ್ತಾಳೆ.

ಮೊನ್ನೆ ಮತ್ತೆ ಫೋನ್: "ತಾರೀಕು ಹಿಂದುಮುಂದಾಗಿ ಬರ್ತಿದೆ ಕಣೆ. ಫೋಟೋ ತೆಗೆದಿಟ್ಟಿದೀನಿ, ಏನೇನು ಒತ್ತಿದೆ ಅಂತಾನೂ ಬರೆದಿಟ್ಟಿದೀನಿ. ಅವರಿಗೆ ಕಳಿಸು."